ಅವರು ಬಂದ ದಾರಿಯಲ್ಲಿ

ಕುಟಾಮ್, ಅಂದರೆ ನಮ್ಮ ಇಡೀ ಕುಟುಂಬ, ಒಂದೆಡೆ ಸೇರುವುದಾದರೆ ಎಲ್ಲರೂ ನೇರವಾಗಿ ಮಂಗಳೂರಿಗೆ ಬಂದಿಳಿಯುವುದು ಬೇಡ ಎಂದು ಬಾಪ್ಪು ಹಟ ಹಿಡಿದಿದ್ದರು. ಬಾಪ್ಪು ಅಂದರೆ ನನ್ನ ಅಪ್ಪನ ತಮ್ಮ, ನಮ್ಮ ಕುಟುಂಬದಲ್ಲಿ ಈಗ ಉಳಿದಿರುವ ಹಿರಿಯರು. ಕೈಲಾದವರು ಮೊದಲು ಗೋವಾಕ್ಕೆ ಬನ್ನಿ, ಹಿರಿಯರು ಬಿಟ್ಟುಬಂದ ಊರನ್ನು ನೋಡಿ, ಅಲ್ಲಿಂದ ಅವರು ಬಂದ ದಾರಿಯಲ್ಲೇ ಬಂದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಫರಂಗಿಪೇಟೆ ಹತ್ತಿರದ ಹಳೇ ಮನೆ ಸೇರೋಣ ಎಂದರು. ಟೊರಾಂಟೊ, ದುಬೈ, ಮುಂಬೈಗಳಿಂದ ಬರುವವರಿಗೆ ಇದು ಸುತ್ತುದಾರಿ. ಆದರೂ ಒಂದು ವ್ಯಾನು ತುಂಬುವಷ್ಟು ಜನ ಮಡಗಾಂವ್ ನಿಲ್ದಾಣದಲ್ಲಿ ಕೂಡಿದೆವು. ನಾನು ಮೂಡಿಗೆರೆಯಿಂದ ಹೋಗಿದ್ದೆ. ಅಪ್ಪ ಅಲ್ಲಿ ಕಾಫಿ ತೋಟದಲ್ಲಿ ರೈಟರಾಗಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ತೋಟದ ಲೈನಿನಲ್ಲಿ ತುಳು ಕೇಳಿಕೊಂಡು ಬೆಳೆದವಳು ನಾನು. ಮಂಗಳೂರು ಕೆಥೊಲಿಕರಾದ ನಮ್ಮ ಮೂಲ ಗೋವಾ ಎಂಬುದು ಮನೆಯಲ್ಲಿ ಊಟದ ಹೊತ್ತಿಗೆ ಬಂದುಹೋಗುವ ಮಾತಾಗಿತ್ತು. ಯಾರೂ ಅದನ್ನು ಹುಡುಕಿಕೊಂಡು ಹೋದವರಲ್ಲ.

ಮನೆಮಾತಿನ ಪ್ರಕಾರ ನಮ್ಮ ಊರು ಸಾಲ್ಸೆಟ್ಟೆಯ ಲೋಟ್ಲಿ. ಪೋರ್ತುಗೀಸರು ಲೌಟೋಲಿಂ ಎಂದು ಬರೆದರು. ಮಡಗಾಂವ್‌ನಿಂದ ಉತ್ತರಕ್ಕೆ ಬಹಳ ದೂರವೇನಿಲ್ಲ. ಮಳೆಗಾಲದ ಕೊನೆಯ ಆ ದಿನಗಳಲ್ಲಿ ಗದ್ದೆಗಳೆಲ್ಲ ತುಂಬಿ ನಿಂತಿದ್ದವು. ಮುರಕಲ್ಲಿನ ದೊಡ್ಡ ಮನೆಗಳು, ಗಾಜಿನ ಬದಲು ಚಿಪ್ಪು ಕೂರಿಸಿದ ಹಳೆಯ ಕಿಟಕಿಗಳು, ಬಾಗಿಲ ಮುಂದೆ ಎದುರುಬದುರಾಗಿ ಕಲ್ಲಿನ ಆಸನಗಳಿರುವ ಜಗಲಿಗಳು. ಊರ ನಡುವೆ 1586ರಲ್ಲಿ ಕಟ್ಟಿದ ಲೋಕರಕ್ಷಕನ ಇಗರ್ಜಿ. ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂದಾ ಅವರ ಪೂರ್ವಿಕರ ಮನೆ ಇರುವುದೂ ಇದೇ ಊರಿನಲ್ಲಿ. ಮತಾಂತರಕ್ಕೆ ಮುಂಚೆ ಅವರ ಮನೆತನದವರು ಸರ್‌ದೇಸಾಯಿಗಳು. ನಮ್ಮವರು ಪ್ರಭುಗಳಂತೆ. ಜ್ಞಾನಸ್ನಾನ ಕೊಟ್ಟ ಪಾದ್ರಿಯ ಹೆಸರೋ, ಸಾಕ್ಷಿಗೆ ನಿಂತ ಪೋರ್ತುಗೀಸನ ಹೆಸರೋ ಅಡ್ಡಹೆಸರಾಗಿ ಅಂಟಿಕೊಳ್ಳುತ್ತಿದ್ದ ಕಾಲ ಅದು. ಒಂದೇ ತಾಯಿಯ ಮಕ್ಕಳು ಒಬ್ಬ ಪಿಂಟೊ, ಇನ್ನೊಬ್ಬ ಡಿಸೋಜ ಆಗುವುದು ಸಾಧ್ಯವಿತ್ತು. ಹಾಗಾಗಿಯೇ ಮಂಗಳೂರಿನ ಎಷ್ಟೋ ಕೆಥೊಲಿಕ್ ಮನೆಗಳಲ್ಲಿ ಹಳೆಯ ಪ್ರಭು, ಕಾಮತ್, ಶೇಟ್, ನಾಯಕ್ ಎಂಬ ಹೆಸರುಗಳನ್ನು ಮಕ್ಕಳಿಗೆ ಇಂದಿಗೂ ಹೇಳಿಕೊಡುತ್ತಾರೆ.

ಇಗರ್ಜಿಯ ಪಾದ್ರಿಗಳು ನಮ್ಮನ್ನು ಪ್ರೀತಿಯಿಂದ ಕೂರಿಸಿಕೊಂಡರು. ಅವರ ಕೊಂಕಣಿಯಲ್ಲಿ ಪೋರ್ತುಗೀಸ್ ಬೆರೆತಿತ್ತು, ನಮ್ಮದರಲ್ಲಿ ತುಳು, ಕನ್ನಡ. ಟೊರಾಂಟೊದ ಅಣ್ಣ ಚೀಲದಿಂದ ವಂಶವೃಕ್ಷದ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದ. ಕೆಳಗಡೆ ಹೆಸರುಗಳು ಕಿಕ್ಕಿರಿದಿದ್ದವು. ಮೇಲಕ್ಕೆ ಹೋದಂತೆ ತೆಳುವಾಗಿ, 1800ರ ಹತ್ತಿರ ಬಂದು ಒಂದೇ ಹೆಸರಿನಲ್ಲಿ ನಿಂತಿತ್ತು. ಅದರಾಚೆಗೆ ಲೋಟ್ಲಿ ಎಂದು ಬರೆದು ಒಂದು ಚುಕ್ಕೆಗೆರೆ. ಆ ಚುಕ್ಕೆಗೆರೆಯನ್ನು ಗಟ್ಟಿ ಗೆರೆ ಮಾಡಲು ಅವನು ಅಷ್ಟು ದೂರದಿಂದ ಬಂದಿದ್ದ. ಪಾದ್ರಿಗಳು ತಲೆಯಾಡಿಸಿದರು. ಯಾವ ವರ್ಷ ಊರು ಬಿಟ್ಟರು, ಆಗ ಅವರ ಹೆಸರೇನು ಎಂಬುದು ಗೊತ್ತಿಲ್ಲದೆ ಹಳೆಯ ಪುಸ್ತಕ ತೆರೆದು ಫಲವಿಲ್ಲ. ಇಂಥದೇ ಹಾಳೆ ಹಿಡಿದುಕೊಂಡು ಮಂಗಳೂರಿನಿಂದ ಬರುವವರು ಬಹಳ ಜನ ಎಂದರು.

ಬಾಪ್ಪು ಊರ ಕೊಮುನಿದಾದ್ ಕಚೇರಿಯನ್ನೂ ಬಿಡಲಿಲ್ಲ. ಪೋರ್ತುಗೀಸರು ಬರುವುದಕ್ಕೆ ಎಷ್ಟೋ ಮುಂಚಿನಿಂದ ಗೋವಾದ ಹಳ್ಳಿಗಳ ಭೂಮಿ ಊರ ಮೂಲನಿವಾಸಿಗಳ ಕೂಟದ ಕೈಯಲ್ಲಿತ್ತು. ಗಾಂವ್ಕಾರಿ ಎಂದು ಅದರ ಹೆಸರು. ಪೋರ್ತುಗೀಸರು ಅದನ್ನು ಉಳಿಸಿಕೊಂಡು ಕೊಮುನಿದಾದ್ ಎಂದು ಕರೆದರು. ಊರಿನ ವಾಂಗೊಡಗಳು, ಅಂದರೆ ಮೂಲ ಮನೆತನಗಳು, ಇಂದಿಗೂ ಲೆಕ್ಕದಲ್ಲಿವೆ. ಉತ್ಪತ್ತಿಯಲ್ಲಿ ಗಾಂವ್ಕಾರರಿಗೆ ಜೋಣ್ ಎಂಬ ಪಾಲು ಸಲ್ಲುತ್ತದೆ. ಹಿಂದಿನಿಂದ ಅದು ಗಂಡು ಸಂತಾನದ ಹಕ್ಕು. ಬಾಪ್ಪುವಿಗೆ ದುಡ್ಡು ಬೇಕಿರಲಿಲ್ಲ. ಆ ಪಟ್ಟಿಯಲ್ಲಿ ನಮ್ಮ ಮನೆತನದ ಹೆಸರೊಂದು ಕಂಡರೆ ಸಾಕಿತ್ತು. ಆದರೆ ಊರು ಬಿಟ್ಟವರಿಗೆ ಪಟ್ಟಿಯಲ್ಲಿ ಜಾಗವೆಲ್ಲಿ?

ಏಕೆ ಬಿಟ್ಟರು ಎಂದು ದುಬೈಯ ಹುಡುಗರು ಕೇಳಿದರು. ಒಂದೇ ಕಾರಣ ಹೇಳಿದರೆ ಸುಳ್ಳಾಗುತ್ತದೆ. 1560ರಲ್ಲಿ ಗೋವಾದಲ್ಲಿ ಇಂಕ್ವಿಸಿಷನ್ ಕೂತಿತು. ಹೊಸದಾಗಿ ಕ್ರೈಸ್ತರಾದವರ ಮನೆಯೊಳಗಿನ ಆಚಾರಗಳ ಮೇಲೂ ಅದರ ಕಣ್ಣು. 1684ರ ಆಜ್ಞೆಯೊಂದು ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ತುಗೀಸ್ ಕಲಿಯಬೇಕು ಎಂದಿತು. 1736ರ ಇನ್ನೊಂದು ಆಜ್ಞೆ ತುಳಸಿ ನೆಡುವುದನ್ನೂ ಮದುಮಕ್ಕಳಿಗೆ ಅರಿಸಿನ, ಎಣ್ಣೆ ಹಚ್ಚುವುದನ್ನೂ ನಿಷೇಧಿಸಿತು. ನಡುವೆ ಬರಗಾಲಗಳು, ಜಡ್ಡುಗಳು, ತೆರಿಗೆ. 1683ರಲ್ಲಿ ಮರಾಠರ ಸಂಭಾಜಿಯ ಸೇನೆ ಸಾಲ್ಸೆಟ್ಟೆ, ಬಾರ್ದೇಸ್‌ಗಳ ಮೇಲೆ ನುಗ್ಗಿತು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕೆಲವರಿಗೆ ಬಹುಶಃ ಹಸಿವೊಂದೇ ಕಾರಣ. ಮದುವೆಯ ಮುನ್ನಾದಿನ ಮದುಮಕ್ಕಳ ಮೈಗೆ ತೆಂಗಿನ ಹಾಲು ಹಚ್ಚುವ ರೋಸ್ ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುತ್ತದೆ. ಪ್ರತಿ ರೋಸ್ ಹೊತ್ತಿನಲ್ಲೂ ನನಗೆ ಆ ಆಜ್ಞೆಗಳ ನೆನಪಾಗುತ್ತದೆ, ಮತ್ತು ಅವನ್ನು ಮೀರಿ ಇದನ್ನು ಉಳಿಸಿದ ಹೆಂಗಸರ ಮೇಲೆ ಗೌರವ ಉಕ್ಕುತ್ತದೆ.

ಲೋಟ್ಲಿಯಿಂದ ನಾವು ಜುವಾರಿ ಹೊಳೆ ದಾಟಿ ಬಾಂದೋಡೆಯ ರಾಮನಾಥ ದೇವಸ್ಥಾನಕ್ಕೆ ಹೋದೆವು. ಇದು ನನ್ನ ಒತ್ತಾಯ. ಈ ರಾಮನಾಥ ಮೊದಲು ಲೋಟ್ಲಿಯ ದೇವರು. ಹದಿನಾರನೇ ಶತಮಾನದಲ್ಲಿ ಸಾಲ್ಸೆಟ್ಟೆಯ ಗುಡಿಗಳನ್ನು ಪೋರ್ತುಗೀಸರು ಕೆಡವಿದಾಗ ಊರವರು ದೇವರನ್ನು ಹೊತ್ತುಕೊಂಡು ಹೊಳೆ ದಾಟಿದರು. ಬಾಂದೋಡೆ ಇರುವ ಫೋಂಡಾ ಆಗ ಪೋರ್ತುಗೀಸರ ಕೈಯಲ್ಲಿರಲಿಲ್ಲ. ಕುಠ್ಠಾಳಿಯ ಮಂಗೇಶ, ವೆರ್ಣೆಯ ಮಹಾಲಸೆ ಎಲ್ಲರೂ ಹೀಗೆಯೇ ಊರು ಬಿಟ್ಟವರು. ದೇವರೊಡನೆ ಹೋದವರಲ್ಲಿ ಎಷ್ಟೋ ಮಂದಿ ಮುಂದೆ ಕರಾವಳಿ ಹಿಡಿದು ಕೆಳಗೆ ಬಂದರು. ಮಂಗಳೂರು, ಕಾರ್ಕಳ, ಕೊಚ್ಚಿಗಳ ಗೌಡ ಸಾರಸ್ವತರು ಅವರೇ. ಒಂದೇ ಊರಿನ ಜನ. ದೇವರನ್ನು ಬಿಡದವರು ಒಮ್ಮೆ ಹೊರಟರು, ಬಿಟ್ಟವರು ಆಮೇಲೆ ಹೊರಟರು, ಸೇರಿದ್ದು ಒಂದೇ ಸೀಮೆ.

ಅಂಗಳದಲ್ಲಿ ಮಂಗಳೂರಿನ ರಥಬೀದಿಯ ಕುಟುಂಬವೊಂದು ಸೇವೆ ಮುಗಿಸಿ ಕೂತಿತ್ತು. ಅವರಲ್ಲೊಬ್ಬ ಹಿರಿಯರು ನಮ್ಮ ಕೊಂಕಣಿ ಕೇಳಿ ತಿರುಗಿದರು. “ಯಾವ ಕಡೆಯವರು?” ಬಾಪ್ಪು ಫರಂಗಿಪೇಟೆ ಎಂದರು. ಒಂದು ಕ್ಷಣ ಬಿಟ್ಟು, ಮೂಲ ಲೋಟ್ಲಿ ಎಂದೂ ಸೇರಿಸಿದರು. “ನಮ್ಮದೂ ಅದೇ ಅಲ್ಲವೋ ಮಾರಾಯರೆ! ಇಲ್ಲಿ ಕೂತಿರುವವರೆಲ್ಲ ಲೋಟ್ಲಿಯವರೇ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ತಮ್ಮ ಮನೆಯಲ್ಲೂ ಊರು ಬಿಟ್ಟ ವರ್ಷದ ಲೆಕ್ಕವಿಲ್ಲ, ಕುಲದೇವರ ಹೆಸರು ಮಾತ್ರ ಕೈತಪ್ಪಿಲ್ಲ ಎಂದರು. ಬಾಪ್ಪು ಬಹಳ ಹೊತ್ತು ಅವರ ಜೊತೆ ಮಾತಾಡುತ್ತ ಕೂತರು. ಕೊಮುನಿದಾದ್ ಪಟ್ಟಿಯಲ್ಲಿ ಸಿಗದ್ದು ಅವರಿಗೆ ಅಲ್ಲಿ ಸಿಕ್ಕಿತೆಂದು ನಾನು ಅಂದುಕೊಂಡೆ.

ಮರುದಿನ ರೈಲು. 1998ರಲ್ಲಿ ಪೂರ್ತಿಯಾಗಿ ಓಡಾಟಕ್ಕೆ ತೆರೆದ ಕೊಂಕಣ ರೈಲ್ವೆ ಆ ದಾರಿಯನ್ನು ಒಂದು ಹಗಲಿನ ಕೆಲಸ ಮಾಡಿದೆ. ಹಿರಿಯರಿಗೆ ಅದು ಎಷ್ಟು ವಾರ ಹಿಡಿಯಿತೋ. ಕೆಲವರು ದೋಣಿಯಲ್ಲಿ ಬಂದರು, ಉಳಿದವರು ನಡೆದರು. ನಡೆದವರಿಗೆ ಪ್ರತಿಯೊಂದು ಹೊಳೆಯೂ ಒಂದು ಗಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ರೈಲು ಅದನ್ನು ದಾಟುವಷ್ಟು ಹೊತ್ತೂ ಮಕ್ಕಳು ಕಿಟಕಿಗೆ ಅಂಟಿಕೊಂಡಿದ್ದರು. ಮಡಿಲಲ್ಲಿ ಕೂಸು, ತಲೆ ಮೇಲೆ ಭತ್ತದ ಬೀಜದ ಮೂಟೆ ಹೊತ್ತು ಅಂಬಿಗನಿಗಾಗಿ ಈ ದಡದಲ್ಲಿ ಕಾದು ಕೂತವರನ್ನು ನಾನು ನೆನೆದೆ. ಅವರಲ್ಲಿ ಎಲ್ಲರೂ ಮಂಗಳೂರಿನವರೆಗೆ ಬರಲಿಲ್ಲ. ಅಂಕೋಲೆ, ಚಂದಾವರ, ಹೊನ್ನಾವರ, ಗಂಗೊಳ್ಳಿ, ಕಲ್ಯಾಣಪುರ, ಎಲ್ಲೆಲ್ಲಿ ಗೇಯಲು ನೆಲ ಸಿಕ್ಕಿತೋ ಅಲ್ಲಲ್ಲಿ ನಿಂತರು.

ನೆಲ ಕೊಟ್ಟವರು ಯಾರು? ಕುಟಾಮ್ ಕೂಟಗಳಲ್ಲಿ ಈ ಪ್ರಶ್ನೆ ಏಳುವುದನ್ನು ನಾನು ಕಂಡದ್ದು ಕಡಿಮೆ. ಎಲ್ಲಿಂದ ಬಂದೆವು ಎಂಬುದಕ್ಕೆ ಭಾಷಣಗಳಾಗುತ್ತವೆ, ಎಲ್ಲಿಗೆ ಬಂದೆವು ಎಂಬುದು ತಾನಾಗಿ ಆಯಿತು ಎನ್ನುವಂತೆ ದಾಟಿಹೋಗುತ್ತದೆ. ಈ ಕರಾವಳಿ ಆಗ ಕೆಳದಿ ನಾಯಕರದು. ಇಲ್ಲಿಯ ಅಕ್ಕಿ ಗೋವಾಕ್ಕೆ ಹೋಗುತ್ತಿತ್ತು. ಅಕ್ಕಿ ಬೆಳೆಯಲು ಕೈ ಬೇಕಿತ್ತು. ಕೈ ಹಿಡಿದುಕೊಂಡು ಬಂದವರಿಗೆ ನಾಯಕರು ಗದ್ದೆ ಕೊಟ್ಟರು, ಅವರ ಪ್ರಾರ್ಥನೆಗೆ ಅಡ್ಡಿ ಮಾಡಲಿಲ್ಲ. 1671ರಿಂದ ಆಳಿದ ಕೆಳದಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಒಪ್ಪಂದದ ಪ್ರಕಾರ, ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಕಲ್ಯಾಣಪುರದ ಮಿಲಾಗ್ರಿಸ್ 1678ರದು, ಮಂಗಳೂರಿನ ಮಿಲಾಗ್ರಿಸ್ 1680ರದು. ಸಂಭಾಜಿಯ ದಾಳಿಗೆ ಬೆದರಿ ಗೋವಾ ಬಿಟ್ಟವರು ಇವಳ ಸೀಮೆಗೆ ಬಂದರು. ಕೆಲವೇ ವರ್ಷಗಳ ಮೇಲೆ, 1689ರಲ್ಲಿ, ಔರಂಗಜೇಬನಿಂದ ತಪ್ಪಿಸಿಕೊಂಡು ಸಂಭಾಜಿಯ ತಮ್ಮ ರಾಜಾರಾಮನೂ ಇವಳ ಬಳಿಗೇ ಓಡಿ ಬಂದ. ಅವನನ್ನು ಕಾಪಾಡಿದ್ದಕ್ಕೆ ಮೊಗಲರ ಸೇನೆಯನ್ನೇ ಎದುರಿಸಬೇಕಾಯಿತು. ಅವಳು ಅದಕ್ಕೂ ಹಿಂಜರಿಯಲಿಲ್ಲ. ನಮ್ಮ ಕೂಟದ ವೇದಿಕೆಯ ಮೇಲೆ ಒಂದು ಚಿತ್ರ ಇಡುವುದಾದರೆ ಅದು ಚೆನ್ನಮ್ಮಾಜಿಯದಾಗಬೇಕು ಎಂದು ನಾನು ರೈಲಿನಲ್ಲೇ ಎಲ್ಲರಿಗೂ ಹೇಳಿದೆ. ಚಿತ್ರ ಎಲ್ಲಿಂದ ತರುವುದು ಎಂದು ಹುಡುಗರು ಮೊಬೈಲು ತೆಗೆದರು.

ಉಡುಪಿ ದಾಟಿದ ಮೇಲೆ ಬಾಪ್ಪು ಸೆರೆಯ ಕಥೆ ಎತ್ತಿಕೊಂಡರು. ವಂಶವೃಕ್ಷ 1800ರಲ್ಲಿ ಏಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ. 1784ರ ಫೆಬ್ರವರಿ ಕೊನೆಯಲ್ಲಿ, ತಪಸ್ಸುಕಾಲ ಆರಂಭವಾಗುವ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಅನುಮಾನವಿಲ್ಲ. ದಾರಿಯಲ್ಲಿ ಸತ್ತವರೆಷ್ಟೋ, ಅಲ್ಲಿ ಸತ್ತವರೆಷ್ಟೋ. ಇಗರ್ಜಿಗಳು ಬಿದ್ದವು, ಜ್ಞಾನಸ್ನಾನ, ಮದುವೆಗಳ ಪುಸ್ತಕಗಳೂ ಅವುಗಳೊಂದಿಗೆ ಹೋದವು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಉಳಿದವರು ಘಟ್ಟ ಇಳಿದು ಬಂದರು. ಥಾಮಸ್ ಮನ್ರೊ ಕೆನರಾದ ಕಲೆಕ್ಟರಾಗಿ ಬಂದ ಕಾಲ ಅದು. ಗದ್ದೆಗಳಲ್ಲಿ ಬೇರೆಯವರಿದ್ದರು. ಕೆಲವರಿಗೆ ಮರಳಿ ಸಿಕ್ಕಿತು, ಕೆಲವರು ಮೊದಲಿನಿಂದ ಶುರುಮಾಡಿದರು. ಗಣಿತ ಓದಿದ ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ಮನೆಮನೆಯ ವಂಶಾವಳಿಗಳನ್ನು ಒಟ್ಟುಮಾಡಲು ವರ್ಷಗಟ್ಟಲೆ ದುಡಿದರು. ಅವರಂಥವರಿಲ್ಲದಿದ್ದರೆ 1800ರ ಈಚಿನದೂ ನಮಗೆ ದಕ್ಕುತ್ತಿರಲಿಲ್ಲ.

ಟಿಪ್ಪುವಿನ ಹೆಸರಿನಲ್ಲಿ ಈಗ ನಡೆಯುವ ಜಗಳಗಳಿಗೆ ನಮ್ಮವರ ಸಾವನ್ನು ಎಳೆದು ತರುವವರಿದ್ದಾರೆ. ಅಂಥದು ನಡೆಯಲೇ ಇಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನನ್ನನ್ನು ನೋಯಿಸುತ್ತದೆ. ಆ ಹದಿನೈದು ವರ್ಷಗಳಲ್ಲಿ ಹೋದವರಿಗೆ ಹೆಸರಿತ್ತು. ಅವರ ಪಾಲಿಗೆ ನಾವು ಮಾಡಬಹುದಾದದ್ದು ಆ ಹೆಸರುಗಳನ್ನು ಹುಡುಕುವುದು, ಸಿಗದಿದ್ದರೆ ಅವರ ಜಾಗವನ್ನು ಖಾಲಿ ಬಿಟ್ಟಿರುವುದು.

ನಮ್ಮ ಮನೆಯ ಕಥೆ ಹೀಗೆ. ಸಿಪಾಯಿಗಳು ಬಂದ ರಾತ್ರಿ ನಮ್ಮವರ ಒಂದು ಮಗು ಗುಡ್ಡದಾಚೆಯ ಬಂಟರ ಗುತ್ತಿನ ಮನೆಯಲ್ಲಿತ್ತು. ಮಗುವನ್ನು ಅವರು ಅಡಗಿಸಿಟ್ಟರು. ತಂದೆ, ತಾಯಿ, ಒಡಹುಟ್ಟಿದವರು ಘಟ್ಟ ಹತ್ತಿದರು, ಯಾರೂ ಮರಳಲಿಲ್ಲ. ಆ ಹುಡುಗನಿಂದ ನಾವೆಲ್ಲ. ವಂಶವೃಕ್ಷದ ತುದಿಯಲ್ಲಿರುವ ಒಂದೇ ಹೆಸರು ಅವನದು. ಬಾಪ್ಪು ಇದನ್ನು ನೂರು ಸಲ ಹೇಳಿದ್ದಾರೆ. ಈ ಸಲ ಹೇಳುವಾಗ ಅವರ ಗಂಟಲು ಕಟ್ಟಿತು.

ಫರಂಗಿಪೇಟೆ ಹಬ್ಬಕ್ಕೆ ತಯಾರಾಗಿತ್ತು. ಹೈದರಾಲಿಯ ಕಾಲದಲ್ಲಿ ಇಲ್ಲಿದ್ದ ಗೋವಾದ ಪಾದ್ರಿ ಜೋಕಿಂ ಮಿರಾಂದಾ ಅವರು ನೇತ್ರಾವತಿ ದಂಡೆಯ ಮೊಂತಿ ಮರಿಯಾನೊದಲ್ಲಿ ಈ ಹಬ್ಬವನ್ನು ಆರಂಭಿಸಿದರು ಎಂಬುದು ಸಂಪ್ರದಾಯದ ಮಾತು. ಹೊಸ ತೆನೆಯನ್ನು ಇಗರ್ಜಿಗೆ ತರುವುದು ಗೋವಾದಲ್ಲೂ ಇದೆ. ರಾಯಿಯಲ್ಲಿ ಆಗಸ್ಟ್ 5ಕ್ಕೆ, ತಾಳಗಾಂವಿನಲ್ಲಿ ಆಗಸ್ಟ್ 21ಕ್ಕೆ. ಇಲ್ಲಿ ಅದು ಕನ್ಯಾಮರಿಯಮ್ಮನ ಹುಟ್ಟುಹಬ್ಬದ ಜೊತೆ ಸೇರಿಕೊಂಡಿದೆ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲಮರಿಯಮ್ಮನಿಗೆ ಚೆಲ್ಲುತ್ತಾರೆ. ಕೊನೆಯ ದಿನ ಪಾದ್ರಿಗಳು ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಗೆ ತಂದ ತೆನೆಯ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಬಾಯಿಗಿಡಬೇಕು. ಅದೇ ನವೆಂ. ಆ ದಿನ ಮೀನು, ಮಾಂಸ ಇಲ್ಲ. ಬಾಳೆಲೆಯ ಮೇಲೆ ಬೆಸ ಸಂಖ್ಯೆಯಲ್ಲಿ ಪಲ್ಯ, ಪದಾರ್ಥಗಳು. ಹೀರೆ, ಬೆಂಡೆ, ಹರಿವೆ ದಂಟು, ಕೆಸು, ಹುಳಿಗೆ ಅಂಬಟೆ. ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ವೋರ್ನ್. ಘಟ್ಟದ ಮೇಲಿನವರಿಗೆ ಇದು ಹೊಸ್ತು ಎಂದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ.

ಹಳೇ ಮನೆಯ ಚಾವಡಿಯ ಗೋಡೆಗೆ ವಂಶವೃಕ್ಷವನ್ನು ತೂಗುಹಾಕಿದ್ದರು. ಜನ ಬರುತ್ತಲೇ ಇದ್ದರು. ಎಲ್ಲರೂ ಮೊದಲು ಹುಡುಕುವುದು ತಮ್ಮ ಹೆಸರನ್ನು. ಜಗಳ ಅಲ್ಲೇ ಶುರುವಾಯಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಗೆರೆಗಳು ಅವರ ಹೆಸರಿಗೇ ಮುಗಿದಿದ್ದವು. ನನ್ನ ಮಕ್ಕಳು ಎಲ್ಲಿ ಎಂದು ಬೆಳ್ತಂಗಡಿಯ ಅತ್ತೆ ಕೇಳಿದರು. ಅವರು ಬೇರೆ ಕುಟಾಮಿನವರಾದರಲ್ಲ ಎಂದ ಟೊರಾಂಟೊದ ಅಣ್ಣ. ಹಾಗಾದರೆ ನಾನಿಲ್ಲಿ ಅಡುಗೆ ಮಾಡಲು ಬಂದವಳೋ ಎಂದು ಅತ್ತೆ ಸೌಟು ಕೆಳಗಿಟ್ಟರು. ನಾನು ಅತ್ತೆಯ ಪಕ್ಷ. ಲೋಟ್ಲಿಯ ಪಾಲು ಗಂಡಸರದಾಗಿತ್ತು ಸರಿ, ರೋಸ್, ನವೆಂ, ಕೊಂಕಣಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೊಳೆ ದಾಟಿದವರು ಯಾರು? ತಂಗಿಯ ಮಗಳು, ದುಬೈಯಲ್ಲಿ ಓದುತ್ತಿರುವವಳು, ಒಂದು ಪೆನ್ನು ತಂದು ಮೌನವಾಗಿ ಘಟ್ಟ ಹತ್ತಿ ಹೋದವರಿಗಾಗಿ ಮೇಲ್ಗಡೆ ಖಾಲಿ ಚೌಕಗಳನ್ನು ಬರೆಯತೊಡಗಿದಳು.

ಗುತ್ತಿನ ಮನೆಗೆ ಪ್ರತಿವರ್ಷ ಒಂದು ತೆನೆ, ಒಂದು ಪಾತ್ರೆ ವೋರ್ನ್ ಹೋಗುತ್ತದೆ. ನಮ್ಮ ಮನೆಯಲ್ಲಿ ಅದು ಇಂದಿಗೂ ತಪ್ಪಿಲ್ಲ. ಈ ವರ್ಷ ಬಾಪ್ಪು ತಾವೇ ಹೋಗಿ ಅಲ್ಲಿಯ ಹಿರಿಯಮ್ಮನನ್ನು ಊಟಕ್ಕೆ ಕರೆದುಕೊಂಡು ಬಂದರು. ಎಂಬತ್ತು ದಾಟಿದ ಅಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, “ದಾನೆ ಪೊರ್ಬುಲೆ, ಇಡೀ ಊರೇ ಬಂದಿದೆಯಲ್ಲ!” ಎಂದು ನಗುತ್ತ ಒಳಗೆ ಬಂದರು. ತುಳುವರು ನಮ್ಮವರನ್ನು ಕರೆಯುವುದೇ ಪೊರ್ಬುಲು ಎಂದು. ಬಾಪ್ಪು ಅವರನ್ನು ವಂಶವೃಕ್ಷದ ಮುಂದೆ ನಿಲ್ಲಿಸಿ ತುದಿಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. “ಇವನೇ ಅಮ್ಮ, ನಿಮ್ಮ ಮನೆಯಲ್ಲಿ ಉಳಿದ ಹುಡುಗ.”

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಆಣ್ ಅತ್ತ್, ಪೊಣ್ಣು,” ಎಂದರು. ಗಂಡಲ್ಲ, ಹೆಣ್ಣು.

ಚಾವಡಿ ಸುಮ್ಮನಾಯಿತು. ಅಮ್ಮನಿಗೆ ಅದು ಹೇಳಿಹೇಳಿ ಸವೆದ ವಿಷಯ. ಉಳಿದದ್ದು ಏಳೆಂಟು ವರ್ಷದ ಹುಡುಗಿ. ಅವರ ಮನೆಯ ಹೆಣ್ಣುಮಕ್ಕಳ ಜೊತೆ ಬೆಳೆದಳು. ಘಟ್ಟದಿಂದ ಇಳಿದು ಬಂದ ನಿಮ್ಮ ಜಾತಿಯವನೊಬ್ಬನಿಗೆ ಗುತ್ತಿನವರೇ ಮುಂದೆ ನಿಂತು ಕೊಟ್ಟರು, ಗದ್ದೆ ಬಿಟ್ಟುಕೊಟ್ಟದ್ದು ಅವಳ ಹೆಸರು ಹೇಳಿ. “ನಿಮ್ಮ ಕಾಗದದಲ್ಲಿರುವುದು ಅವಳ ಗಂಡನ ಹೆಸರು ಆಗಿರಬೇಕು. ನಮ್ಮದು ಅಳಿಯಕಟ್ಟು ಅಲ್ಲವಾ ಪೊರ್ಬುಲೆ, ನಮ್ಮಲ್ಲಿ ಲೆಕ್ಕ ಹೆಣ್ಣಿನಿಂದಲೇ. ಹೆಣ್ಣನ್ನು ಗಂಡು ಎಂದು ನೆನಪಿಡಲು ನಮಗೆ ಬರುವುದಿಲ್ಲ.”

ತಾಯಿಯಿಂದ ಮಗಳಿಗೆ ಮನೆತನ ಎಣಿಸುವ ಮನೆ ಅವಳನ್ನು ಅವಳಾಗಿಯೇ ಉಳಿಸಿಕೊಂಡಿತ್ತು. ತಂದೆಯಿಂದ ಮಗನಿಗೆ ಎಣಿಸುವ ನಮ್ಮ ಬಾಯಲ್ಲಿ, ಇಷ್ಟು ತಲೆಮಾರು ದಾಟುವಷ್ಟರಲ್ಲಿ, ಅವಳು ಹುಡುಗನಾಗಿಬಿಟ್ಟಿದ್ದಳು. ಲೋಟ್ಲಿ, ಪ್ರಭು ಎಂಬುದೆಲ್ಲ ಈಗ ಆ ಗಂಡನ ಕಡೆಯದೋ ಇವಳ ಕಡೆಯದೋ ಎಂದು ಟೊರಾಂಟೊದ ಅಣ್ಣ ಚುಕ್ಕೆಗೆರೆಯನ್ನೇ ನೋಡುತ್ತ ನಿಂತ. ಬೆಳ್ತಂಗಡಿಯ ಅತ್ತೆ ಅಮ್ಮನ ಕೈ ಹಿಡಿದು ಬಿಡಲಿಲ್ಲ. ಬಾಪ್ಪು ಒಂದು ಕುರ್ಚಿ ತರಿಸಿ ಅಮ್ಮನನ್ನು ಕೂರಿಸಿ, ತಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

“ಅಮ್ಮ, ಮೊದಲಿಂದ ಹೇಳಿ. ಆ ಮಗುವನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು?”

“ದಾರು,” ಎಂದರು ಅಮ್ಮ. “ನಮ್ಮ ಹೆಸರು ಅದು, ನಿಮ್ಮದಲ್ಲ. ನಿಮ್ಮವರು ಇಟ್ಟ ಹೆಸರನ್ನು ಆಗ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲವಲ್ಲ.”

ತಂಗಿಯ ಮಗಳು ಗೋಡೆಯಿಂದ ಹಾಳೆ ಬಿಚ್ಚಿ ನೆಲದ ಮೇಲೆ ಹರಡಿಕೊಂಡಳು. ದುಬೈಯ ಹುಡುಗರು ಮೊಬೈಲನ್ನು ಅಮ್ಮನ ಕಾಲ ಬಳಿ ಇಟ್ಟು ಧ್ವನಿ ಹಿಡಿಯತೊಡಗಿದರು. ಅತ್ತೆ ಸೌಟು ಎತ್ತಿಕೊಂಡು, ಅಮ್ಮನ ಕಥೆ ಮುಗಿಯುವವರೆಗೆ ಎಲೆ ಹಾಕುವುದು ಬೇಡ ಎಂದು ಅಡುಗೆಮನೆಗೆ ಕೂಗಿ ಹೇಳಿದರು.